ಹುಣಸೆಹಣ್ಣು ಹಾಕಿ ತಿಕ್ಕಿದ ಕತ್ತಿ

ಶಾಂತಾದೇವಿ ಕತ್ತಿಯನ್ನು ಜಗಲಿಯ ಬಿಸಿಲಿಗೆ ಹಿಡಿದಾಗ ಮಾರಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಲಗು ಈಗಷ್ಟೇ ಅಂಗಡಿಯಿಂದ ತಂದ ತಟ್ಟೆಯ ಹಾಗೆ ಥಳಥಳ ಹೊಳೆಯುತ್ತಿತ್ತು. ಹೊಳೆಯದೆ ಏನು, ಹಿಂದಿನ ದಿನ ಹುಣಸೆಹಣ್ಣು, ಬೂದಿ ಹಾಕಿ ರಟ್ಟೆ ಬೀಳುವಂತೆ ಅದನ್ನು ತಿಕ್ಕಿದವಳು ಅವಳೇ. ಬೇಲೂರಿನಲ್ಲಿ ಮೇಷ್ಟರಾಗಿದ್ದ ಮಗ ಭೀಮರಾಜ್, ಹಳೆಯ ಆಯುಧಗಳನ್ನು ಪರೀಕ್ಷಿಸುವ ಈ ಮೇಡಮ್ಮನ್ನು ಕರೆತರುತ್ತೇನೆಂದು ಹೇಳಿಕಳಿಸಿದ್ದ. ದೊಡ್ಡವರು ನೋಡುವ ವಸ್ತುವನ್ನು ತುಕ್ಕು ಹಿಡಿದ ಹಾಗೇ ಮುಂದಿಡುವುದುಂಟೇ?

ಹೊಲದಿಂದ ಬಂದ ಗಂಡ ಗಿಡ್ಡಪ್ಪ ಅದನ್ನು ಕಂಡು ಕುಸಿದು ಕೂತಿದ್ದ. ಆಯುಧಪೂಜೆಗೂ ಕುಂಕುಮ ಇಡುತ್ತಿದ್ದನೇ ಹೊರತು ಅವನು ಅದಕ್ಕೆ ನೀರು ಮುಟ್ಟಿಸಿದವನಲ್ಲ. ವಂಶದ ಹಿರೀಕನೊಬ್ಬನ ಧೈರ್ಯ ಮೆಚ್ಚಿ ಪಾಳೇಗಾರ ಕೊಟ್ಟದ್ದು ಎಂದು ಜೀವಮಾನವೆಲ್ಲ ಹೇಳಿಕೊಂಡು ಬಂದಿದ್ದ. ನಿಮ್ಮ ಕೇರಿಗೆ ಯಾವ ಪಾಳೇಗಾರ ಬಂದಿದ್ದ ಎಂದು ಅವರ ಊರು ಹಗರೆಯ ಟೀ ಅಂಗಡಿ ಅಷ್ಟೂ ವರ್ಷ ನಕ್ಕಿತ್ತು. ಅರಸೀಕೆರೆ ಸಂತೆಯಲ್ಲಿ ಕೊಂಡದ್ದಿರಬೇಕೆಂದು ‘ಗುಜರಿ ಕತ್ತಿ’ ಎಂಬ ಹೆಸರಿಟ್ಟವಳು ಪಕ್ಕದ ಮನೆಯ ಬಸಮ್ಮ.

“ತುಕ್ಕೇ ಸಾಕ್ಷಿ ಆಗಿತ್ತು ಕಣೇ. ಅದ್ನೂ ತೊಳ್ದುಬುಟ್ಟೆ,” ಎಂದ ಗಿಡ್ಡಪ್ಪ ರಾತ್ರಿ ಊಟಕ್ಕೆ ಏಳಲಿಲ್ಲ.

ಈಗ ಶಾಂತಾದೇವಿ ಭೂತಗನ್ನಡಿಯನ್ನು ಅಲಗಿನುದ್ದಕ್ಕೂ ಸರಿಸಿ, ಇದನ್ನು ತೊಳೆದವರು ಯಾರೆಂದು ಕೇಳಿದರು. ಗಿಡ್ಡಪ್ಪ ತಲೆ ತಗ್ಗಿಸಿದ. ಮಾರಮ್ಮ ಸೆರಗು ಹಿಂಡುತ್ತ, ಗೊತ್ತಿಲ್ಲದೆ ಹುಣಸೆಹಣ್ಣು ಹಾಕಿದೆ ಎಂದಳು.

ಆಕೆ ಗಾಜನ್ನು ಮಾರಮ್ಮನ ಕೈಗೇ ಕೊಟ್ಟು ನೋಡಲು ಹೇಳಿದರು. ಉಕ್ಕಿನೊಳಗೆ ಸಣ್ಣ ಸಣ್ಣ ಅಲೆಗಳಿದ್ದವು, ಗಾಳಿಗೆ ಕೆರೆಯ ನೀರು ಕದಲಿದ ಹಾಗೆ. ಹಿಂದಿನವರು ಕಾಯಿಸಿದ ಉಕ್ಕಿನಲ್ಲಿ ಈ ಗೆರೆಗಳಿರುತ್ತವೆ, ಹುಳಿ ತಾಗಿದರೆ ಎದ್ದು ಕಾಣುತ್ತವೆ ಎಂದು ವಿವರಿಸಿದರು.

“ಮೋಸಕ್ಕೆ ಮೇಲೆ ಬರೆದ ಗೆರೆ ಆಗಿದ್ದರೆ ನೀವು ತಿಕ್ಕಿದ್ದಕ್ಕೆ ಅಳಿಸಿಹೋಗಿರೋದು. ಇದು ಅಸಲಿ. ಇನ್ನೂರು ವರ್ಷಕ್ಕೆ ಕಮ್ಮಿ ಇಲ್ಲ.”

ಆಮೇಲೆ, ಇನ್ನು ಎಣ್ಣೆ ಬಿಟ್ಟು ಏನನ್ನೂ ಮುಟ್ಟಿಸಕೂಡದೆಂದು ಗದರಿದರು. ಬೈಸಿಕೊಂಡ ಮಾರಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮಗ ಮೇಡಮ್ಮನ್ನು ಬಸ್ಸು ಹತ್ತಿಸಲು ಹೊರಟ ಮೇಲೆ ಗಿಡ್ಡಪ್ಪ ಕತ್ತಿಯನ್ನು ಪಂಚೆಯಲ್ಲಿ ಸುತ್ತಿಟ್ಟ. ಹೆಂಡತಿಯ ಮುಖ ನೋಡಲಾರದೆ ಒಲೆಯ ಕಡೆ ತಿರುಗಿ, “ಹೊಟ್ಟೆ ಹಸೀತೈತೆ. ಒಂಚೂರು ಸಾರು ಮಾಡು,” ಎಂದ.

ಹುಣಸೆಹಣ್ಣಿನ ಗಡಿಗೆ ಖಾಲಿಯಾಗಿತ್ತು. ಮಾರಮ್ಮ ಬಟ್ಟಲು ಹಿಡಿದು ಬಸಮ್ಮನ ಬಾಗಿಲಿಗೆ ಹೋದಳು. ಬೇಲಿಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದ ಬಸಮ್ಮ, ಏನೂ ಅರಿಯದವಳಂತೆ, ಮೊನ್ನೆ ತಾನೇ ತಂದಿದ್ದ ಹಣ್ಣು ಏನಾಯಿತೆಂದು ವಿಚಾರಿಸಿದಳು.

“ಪಾಳೇಗಾರನ ಕತ್ತಿ ತೊಳ್ಯಕ್ಕೆ ಹಿಡೀತು ಕಣಕ್ಕ,” ಎಂದಳು ಮಾರಮ್ಮ, ಕೇರಿಯ ಕೊನೆಯ ಮನೆಗೂ ಕೇಳುವಂತೆ.

ಬಸಮ್ಮ ಒಳಗೆ ಹೋಗಿ ಬಟ್ಟಲು ತುಂಬಿಸಿ ತಂದಳು.