ಮಸ್ಟರಿನ ಮಲಕವ್ವ

ಹೆಚ್ಚು ಸದಸ್ಯರಿರುವ ಸಂಘದೊಡನೆ ಮಾಲಕರು ಮಾತಿಗೆ ಕೂಡಲೇಬೇಕಂತೆ, ದಿಲ್ಲಿಯಲ್ಲಿ ಹೊಸ ಮಸೂದೆ ಬಂದಿದೆಯಂತೆ ಎಂಬ ಸುದ್ದಿ ೧೯೭೮ರಲ್ಲಿ ಹತ್ತಿಯ ಬೀಜ ಬಿಡಿಸುವ ವಿಜಾಪುರದ ಜಿನ್ನು ಗಿರಣಿಗೂ ಬಂತು. ಅಲ್ಲಿನ ಫಿಟ್ಟರ್ ಕುತುಬುದ್ದೀನ ಹೊಸ ಸಂಘದ ಕಾರ್ಯದರ್ಶಿ. ‘ಹತ್ತಿ ಜಿನ್ನಿನಾಗ ಇನ್ನೊಂದು ಜಿನ್ನು ಕುಂತದ, ದೆವ್ವದ ಜಿನ್ನು, ಕುರ್ಚಿ ಮ್ಯಾಲ’ ಎನ್ನುತ್ತ ಮಾಲಕನ ಮೂಗುದನಿ ಅಣಕಿಸಿ ಹೆಂಗಸರನ್ನು ನಗಿಸುತ್ತಿದ್ದ. ಹಾಗೆ ನಗಿಸಿಯೇ ನಲವತ್ತೊಂದು ಮಂದಿಯಲ್ಲಿ ಇಪ್ಪತ್ಮೂರು ಮಂದಿಯನ್ನು ಸೇರಿಸಿದ್ದ.

“ಕಾಯಿದೆ ಬರೂತನಕ ಯಾಕ ಕಾಯ್ತೀರಿ? ಅರ್ಧಕ್ಕಿಂತ ಹೆಚ್ಚು ಮಂದಿ ತೋರಸ್ರಿ, ಸಂಘ ಒಪ್ಪತೇನಿ,” ಎಂದ ಮಾಲಕ, ಎಣಿಸಲು ಸರಕಾರದ ಲೇಬರ್ ಸಾಹೇಬರನ್ನೇ ಕರೆಸಿದ.

ಸಾಹೇಬರು ಹಾಜರಿಯ ಮಸ್ಟರಿನ ಪಕ್ಕಕ್ಕೆ ಸಂಘದ ರಸೀದಿಗಳನ್ನಿಟ್ಟು ಹೆಸರು ತಾಳೆ ನೋಡತೊಡಗಿದಾಗ ಕುತುಬುದ್ದೀನನಿಗೆ ನಾಲ್ಕು ರಸೀದಿಗಳು ನೆನಪಾದವು. ಟಿಕೋಟಾ ಕಡೆಯ ಹೆಂಗಸರು ಬಾಣಂತನಕ್ಕೆ ಹೋಗುವಾಗ ಮನೆಯ ಇನ್ನೊಬ್ಬಳನ್ನು ತಮ್ಮ ಹೆಸರಿನ ಮೇಲೆ ಕೆಲಸಕ್ಕೆ ಬಿಡುವುದು ವಾಡಿಕೆ. ಎಷ್ಟೋ ಸಲ ಹೋದವಳು ಮರಳುವುದಿಲ್ಲ, ಹೆಸರು ಮಾತ್ರ ಮಸ್ಟರಿನಲ್ಲಿ ದುಡಿಯುತ್ತಿರುತ್ತದೆ. ಘೋಣಸಗಿಯ ಸಕ್ರವ್ವ ಎಂಟು ವರ್ಷದಿಂದ ಓರಗಿತ್ತಿ ಮಲಕವ್ವನ ಹೆಸರಿನಲ್ಲಿ ದುಡಿಯುತ್ತಿದ್ದಳು. ಅಂಥವರು ನಾಲ್ವರು. ‘ಸಂಘದಾಗರ ಖರೆ ಹೆಸರಿರಲಿ’ ಎಂದು ರಸೀದಿ ಬರೆದವನು ಕುತುಬುದ್ದೀನನೇ. ಆ ಹೆಸರುಗಳು ಮಸ್ಟರಿನಲ್ಲಿಲ್ಲ; ನಾಲ್ಕು ಕಳೆದರೆ ಹತ್ತೊಂಬತ್ತು, ಸಂಘ ಹೋಯಿತು. ನಿಜ ಹೇಳಿದರೆ ನಾಲ್ವರ ಕೆಲಸವೂ ಹೋಯಿತು.

ನಿಂತಲ್ಲಿ ನಿಲ್ಲಲಾರದೆ ಅವನು ಹಾಜರಿಗೆ ನಿಂತ ಹೆಂಗಸರ ಸಾಲಿನ ಹಿಂದೆ ಸುಳಿದು ಪಿಸುಗುಟ್ಟಿದ: “ಸಕ್ರಕ್ಕಾ, ಸುಮ್ಮನ ಮಲಕವ್ವ ಅಂದ್ಬಿಡು. ಕೆಲಸರ ಉಳೀತದ.”

“ಖರೆ ಹೆಸರು ಬರಸು ಅಂದಾಂವ ನೀನ ಅಲ್ಲೇನೋ ತಮ್ಮಾ?”

“ಮಲಕವ್ವ!” ಸಾಹೇಬರು ಕೂಗಿದರು.

“ಆಕಿ ಊರಾಗ ಎಮ್ಮಿ ಮೇಯಸಾಕತ್ಯಾಳ್ರಿ,” ಎಂದಳು ಸಕ್ರವ್ವ. “ಎಂಟ ವರ್ಷಾತು, ಇಲ್ಲಿ ದುಡಿಯಾಕಿ ನಾನು, ಸಕ್ರವ್ವ. ಮುಕಾದಮ ರಾಯಪ್ಪನ್ನ ಕೇಳ್ರಿ. ನನ್ನ ಮಾರಿ ನೋಡಿ ಆಕಿ ಹಾಜರಿ ಹಾಕಾಂವ ಅವನ.”

ರಾಯಪ್ಪ ಮಾಲಕನ ಮುಖ ನೋಡಿದ. ಸಾಹೇಬರೂ ನೋಡಿದರು.

“ಅಂದ್ರ ಎಂಟು ವರ್ಷ ಸುಳ್ಳು ಮಸ್ಟರ್ ಇಟ್ಟೀರೇನ್ರಿ? ಇದಕ್ಕ ಕೇಸ್ ಆಗ್ತದ.”

“ಮಸ್ಟರ್ ಬಿಡ್ರಿ ಸಾಹೇಬ್ರ,” ಮಾಲಕ ಗಡಬಡಿಸಿ ಎದ್ದ. “ಸಂಘ ಒಪ್ಪೇನಿ ಅಂತ ಬರಕೋರಿ. ಬರ್ರಿ ಕುತುಬುದ್ದೀನ, ಒಳಗ ಕುಂತು ಮಾತಾಡೋಣು.”

ಕುತುಬುದ್ದೀನ ಕಚೇರಿಯ ಹೊಸ್ತಿಲಿಗೆ ಕಾಲಿಟ್ಟೇಬಿಟ್ಟಿದ್ದ. ಹಿಂದಿನಿಂದ ಸಕ್ರವ್ವನ ದನಿ ತಡೆಯಿತು: “ಮೊದಲ ಆ ಮಸ್ಟರದಾಗ ನಮ್ಮ ನಾಕೂ ಮಂದಿ ಹೆಸರು ಬರಸೋ ತಮ್ಮಾ. ಆಮ್ಯಾಲ ಒಳಗ ಹೋಗು.”

ಅವನು ಕಾಲನ್ನು ಹಿಂದಕ್ಕೆ ತೆಗೆದ.

“ಕೇಳಿದ್ರಲ್ಲಾ ಮಾಲಕ್ರ?” ಎಂದ. “ಮಾತು ಸುರು ಆತು.”