ಸಾಗರದ ಅಂಗಡಿಯಲ್ಲಿ ಲಂಡನ್ ಟೈಮು

ಮುಕುಂದಯ್ಯನವರ ಗಂಧದ ಕೆತ್ತನೆಯ ಅಂಗಡಿಗೆ ಕಂಪ್ಯೂಟರ್ ಬಂದದ್ದು ೧೯೮೭ರಲ್ಲಿ. ಶಿವಮೊಗ್ಗದಲ್ಲಿ ಆರು ತಿಂಗಳು ಕೋರ್ಸು ಮಾಡಿ ಬಂದ ಗುತ್ಯಮ್ಮನನ್ನು ಬಿಟ್ಟರೆ ಆ ಪೆಟ್ಟಿಗೆಯ ಹತ್ತಿರ ಸುಳಿಯುವ ಧೈರ್ಯ ಸಾಗರದ ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಅದನ್ನು ತರಿಸಲು ಯಜಮಾನರನ್ನು ಒಪ್ಪಿಸಿದವಳೂ ಅವಳೇ. ಹಾಗಾಗಿ ಪೆಟ್ಟಿಗೆ ಮಾಡಿದ ತಪ್ಪೆಲ್ಲ ಅವಳ ತಲೆಗೇ ಬರುತ್ತಿತ್ತು.

ಅವಳು ಬರುವುದಕ್ಕೆ ಮೊದಲಿನ ತಪ್ಪೊಂದು ಯಜಮಾನರ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿತ್ತು. ಮಾರ್ಚ್ ಕೊನೆಯಲ್ಲಿ ಲಂಡನ್ನಿನವರು ತಮ್ಮ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ಇಟ್ಟುಬಿಟ್ಟಿದ್ದರು. ಬೇಸಿಗೆಯ ಬೆಳಕು ಹಾಳಾಗಬಾರದಂತೆ! ಸಾಗರಕ್ಕೆ ಆ ಸುದ್ದಿ ಹೇಗೆ ಬರಬೇಕು? ಇವರು ಎಂದಿನ ಹೊತ್ತಿಗೆ ಟ್ರಂಕ್ ಕಾಲ್ ಮಾಡಿದಾಗ, ಮಾಲು ಕೊಳ್ಳುವ ಪೆಂಬರ್ಟನ್ ಸಾಹೇಬ ಆಫೀಸಿನಿಂದ ಹೊರಟುಹೋಗಿದ್ದ, ಆರ್ಡರು ಬೇರೆ ಊರಿನವರ ಪಾಲಾಗಿತ್ತು.

ಈಗ ಅಕ್ಟೋಬರ್. ಭಾನುವಾರ ಅಲ್ಲಿ ಗಡಿಯಾರ ಮತ್ತೆ ಹಿಂದಕ್ಕೆ. ಸೋಮವಾರ ಲಂಡನ್ನಿನ ಒಂಬತ್ತಕ್ಕೆ ಸರಿಯಾಗಿ ಫೋನ್ ಮಾಡಿದರೆ ವರ್ಷದ ಕೆತ್ತನೆ ಪೆಟ್ಟಿಗೆಗಳ ಮಾತು ಮುಗಿಸುತ್ತೇನೆ, ಆಮೇಲೆ ನನಗೆ ರೈಲಿದೆ ಎಂದು ಸಾಹೇಬ ಹೇಳಿಕಳಿಸಿದ್ದ.

"ಈ ಸಲ ತಪ್ಪಿದ್ರೆ ಕಂಪ್ಯೂಟರ್ ವಾಪಸ್ಸು, ನೀನು ಮನೆಗೆ," ಎಂದರು ಮುಕುಂದಯ್ಯ. ಮೀಸೆಯ ತುದಿ ಸಹ ಅಲುಗಲಿಲ್ಲ.

ಗುತ್ಯಮ್ಮನಿಗೆ ಆ ಕೆಲಸ ಪ್ರಾಣ. ಶನಿವಾರವೇ ಕಂಪ್ಯೂಟರಿನ ಮುಂದೆ ಕೂತು, ಲಂಡನ್ನಿಗೂ ನಮಗೂ ಇರುವ ಅಂತರವನ್ನು ನಾಲ್ಕೂವರೆಯಿಂದ ಐದೂವರೆ ಗಂಟೆಗೆ ತಿದ್ದಿದಳು. ಅಲ್ಲಿ ಒಂಬತ್ತಾದಾಗ ಇಲ್ಲಿ ಎರಡೂವರೆ. ಕಾಲ್ ಸಿಕ್ಕುವುದಕ್ಕೆ ಹೊತ್ತು ಬೇಕಲ್ಲ, ಎರಡು ಗಂಟೆಗೇ ಕಂಪ್ಯೂಟರ್ ಕೀಂ ಕೀಂ ಎಂದು ಕೂಗುವಂತೆ ಮಾಡಿದಳು. ಆಮೇಲೆ ಎಲ್ಲರನ್ನೂ ಕೂರಿಸಿ, ಲಂಡನ್ನಿನಲ್ಲಿ ಗಡಿಯಾರ ಹಿಂದಕ್ಕೆ ಹೋಗುವ ಕಥೆಯನ್ನು ಬಿಡಿಸಿ ಹೇಳಿದಳು.

"ಅವ್ರು ಹಿಂದಕ್ಕಿಟ್ರೆ ಸೂರ್ಯ ಕೇಳ್ತಾನಾ?" ಎಂದ ಹಿರಿಯ ಕೆತ್ತನೆಗಾರ ಶೇಷಪ್ಪ.

"ಸೂರ್ಯ ಕೇಳ್ದಿದ್ರೂ ಸಾಹೇಬ್ರು ಕೇಳ್ತಾರೆ ಶೇಷಪ್ಪಣ್ಣ."

ಕೆತ್ತಿದ್ದಕ್ಕೆ ಹೊಳಪು ಕೊಡುವ ಬೆಳ್ಳಮ್ಮ ಗಂಭೀರವಾಗಿ ತಲೆ ಆಡಿಸಿದಳು. ತಲೆ ಆಡಿಸಿದವರಿಗೆಲ್ಲ ಅರ್ಥವಾಗಿದೆ ಎಂದು ಗುತ್ಯಮ್ಮ ನಂಬಿದ್ದೇ ಎಡವಟ್ಟಾಯಿತು.

ಸೋಮವಾರ ಹನ್ನೊಂದಕ್ಕೆ ಕರೆಂಟು ಹೋಯಿತು. ಆ ಕಾಲದ ಕಂಪ್ಯೂಟರಿನ ಹಣೆಬರಹವೇ ಅಷ್ಟು, ಕರೆಂಟು ಹೋದರೆ ಹೊತ್ತು ಮರೆತುಬಿಡುತ್ತಿತ್ತು. ಮತ್ತೆ ಎದ್ದಾಗ ಈಗ ಎಷ್ಟು ಗಂಟೆ ಎಂದು ಎದುರು ಕೂತವರನ್ನೇ ಕೇಳುತ್ತಿತ್ತು. ಗುತ್ಯಮ್ಮ ಹಿಂದಿನ ಕೋಣೆಗೆ ಹೋಗಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತ ಕೂತಳು. ದೀಪ ಹತ್ತಿದಾಗ ಓಡಿ ಬಂದು ಗೋಡೆ ಗಡಿಯಾರ ನೋಡಿದಳು. ಹನ್ನೆರಡು. ಇನ್ನೂ ಹನ್ನೆರಡೇ ಎಂದು ಖುಷಿಯಾಗಿ ಅದನ್ನೇ ಒತ್ತಿದಳು. ಹೊಟ್ಟೆ ಆಗಲೇ ತಾಳ ಹಾಕುತ್ತಿತ್ತು, ಆದರೆ ಹೊಟ್ಟೆಯ ಮಾತನ್ನು ಯಾರು ಕೇಳುತ್ತಾರೆ? ಊಟ ಮುಗಿಸಿ ಬಂದು ಪರದೆಯ ಮುಂದೆ ಕೂತಳು.

ಪರದೆಯ ಮೇಲೆ ಒಂದು ದಾಟಿ ಸ್ವಲ್ಪ ಹೊತ್ತಾಗಿತ್ತು. ಆಗ ಹೊರಗೆ ಹೊಸನಗರದ ಬಸ್ಸು ಹಾರ್ನ್ ಹೊಡೆಯಿತು.

ಅದು ಎರಡು ಗಂಟೆಯ ಬಸ್ಸು. ದನ ಅಡ್ಡ ಬಂತೆಂದೋ, ಡ್ರೈವರ್ ಕಾಫಿಗೆ ನಿಂತನೆಂದೋ ಅದು ತಡವಾಗಿ ಬಂದ ದಿನಗಳು ಬೇಕಾದಷ್ಟಿವೆ. ಹೊತ್ತಿಗೆ ಮೊದಲೇ ಬಂದದ್ದನ್ನು ಮಾತ್ರ ಹುಟ್ಟಿದಾರಭ್ಯ ಯಾರೂ ಕಂಡಿಲ್ಲ. ಗುತ್ಯಮ್ಮ ತಟ್ಟನೆ ಗೋಡೆಯ ಕಡೆ ತಿರುಗಿದಳು. ಸುಳ್ಳು ಹೇಳುತ್ತಿರುವುದು ಬಸ್ಸಲ್ಲ, ಗಡಿಯಾರ!

ಫೋನಿಗೆ ಹಾರಿ ಎಕ್ಸ್‌ಚೇಂಜಿನ ಗಣೇಶಮೂರ್ತಿಯನ್ನು ಹಿಡಿದಳು.

"ಅಣ್ಣಾ, ಟೈಮ್ ಎಷ್ಟು?"

"ಎರಡೂ ಕಾಲು. ಅದನ್ನ ಕೇಳಕ್ಕೆ ಫೋನ್ ಮಾಡಿದ್ಯಾ?"

"ಲಂಡನ್ನಿಗೆ ಲೈಟ್ನಿಂಗ್ ಕಾಲ್ ಹಾಕಿ, ದುಡ್ಡು ಎಷ್ಟಾದ್ರೂ ಸರಿ, ತಕ್ಷಣ ಸಿಗ್ಬೇಕು. ನಿಮ್ಮ ಕಾಲಿಗೆ ಬೀಳ್ತೀನಿ. ನನ್ನ ಕೆಲ್ಸ ಹೋಗ್ತದೆ!"

ಆಮೇಲಿನದು ನರಕ. ಬೊಂಬಾಯಿಯ ಲೈನು ಗೊರಗೊರ ಎಂದಿತು, ಸತ್ತಿತು, ಮತ್ತೆ ಎದ್ದಿತು. ಮುಕುಂದಯ್ಯ ಉಗುರು ಕಡಿಯುತ್ತ ಬಾಗಿಲಿಂದ ಬಾಗಿಲಿಗೆ ತಿರುಗಿದರು. ಶೇಷಪ್ಪ ಉಳಿ ಕೆಳಗಿಟ್ಟು ಕಣ್ಣು ಮುಚ್ಚಿಕೊಂಡ. ಕೊನೆಗೆ ದೂರದಿಂದ, ಬಾವಿಯೊಳಗಿಂದ ಬಂದ ಹಾಗೆ, ಹಲೋ ಎಂಬ ಧ್ವನಿ ಕೇಳಿತು.

ಮುಕುಂದಯ್ಯ ಇಂಗ್ಲಿಷಿನಲ್ಲಿ ಬೆವರಿದರು. ಯೆಸ್ ಸರ್, ಯೆಸ್ ಸರ್ ಎಂದರು. ಫೋನಿಟ್ಟು ತಿರುಗಿದಾಗ ಅವರ ಮುಖ ಊರಗಲ ಆಗಿತ್ತು.

"ವರ್ಷದ್ದು ಪೂರ್ತಿ ನಮಗೇ! ಬೇರೆಯವ್ರೆಲ್ಲ ಒಂದು ಗಂಟೆ ಮೊದ್ಲೇ ಫೋನ್ ಮಾಡಿ ಬಾಗಿಲು ಕಾಯೋನ ತಲೆ ತಿಂದ್ರಂತೆ. ಸರಿಯಾದ ಹೊತ್ತಿಗೆ ಮಾಡಿದ್ದು ನಾವೊಬ್ರೇ ಅಂತೆ!"

ಎಲ್ಲರೂ ಕುಣಿದಾಡಿದರು. ಗುತ್ಯಮ್ಮ ಮಾತ್ರ ಸೊಂಟಕ್ಕೆ ಕೈಯಿಟ್ಟು ನಿಂತಳು. ಭಯ ಇಳಿದ ಮೇಲೆ ಸಿಟ್ಟು ಏರಿತ್ತು.

"ಗಡಿಯಾರ ಮುಟ್ಟಿದ್ದು ಯಾರು?"

ಬೆಳ್ಳಮ್ಮ ಸೆರಗಿನ ತುದಿ ತಿರುಚಿದಳು. "ನಾನು ಕಣೇ. ಹಿಂದಕ್ಕಿಡ್ಬೇಕು ಅಂತ ನೀನೇ ಹೇಳಿದ್ಯಲ್ಲಾ. ಮರ್ತಿದ್ದೀಯ, ಪಾಪ, ಇದಕ್ಕೇ ನಿನ್ನ ಕೆಲ್ಸ ಹೋಗ್ತದೇನೋ ಅಂತ ಕರೆಂಟು ಹೋದಾಗ ಸ್ಟೂಲ್ ಹತ್ತಿ ತಿರುಗಿಸ್ದೆ."

"ನಾನೂ ಒಂದು ಗಂಟೆ ಹಿಂದಕ್ಕಿಟ್ಟೆ," ಎಂದ ಶೇಷಪ್ಪ. "ಬೆಳ್ಳಮ್ಮ ಇಟ್ಟಿದ್ದು ನಂಗೇನು ಗೊತ್ತು?"

ಗುತ್ಯಮ್ಮನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಲೆಕ್ಕ ಹಾಕಿದಳು, ಹುಬ್ಬು ಗಂಟಾಯಿತು.

"ಇಬ್ರೂ ಇಟ್ರೆ ಎರಡು ಗಂಟೆ ಹಿಂದೆ ಹೋಗ್ಬೇಕಿತ್ತು. ಹೋಗಿದ್ದು ಒಂದೇ."

ಮುಕುಂದಯ್ಯ ಕೆಮ್ಮಿದರು, ಕಿಟಕಿಯ ಕಡೆ ತಿರುಗಿದರು.

"ನಾನು ಮುಂದಕ್ಕೆ ಇಟ್ಟೆ."

"ಮುಂದಕ್ಕಾ? ಯಾಕೆ ಸ್ವಾಮೀ?"

"ಒಂದು ಗಂಟೆ ಮೊದ್ಲೇ ನೀನು ಎಚ್ಚರಾಗ್ಲಿ ಅಂತ. ಕಾಲ್ ತಪ್ಪಿದ್ರೆ ನಿನ್ನ ಕಳಿಸ್ಬೇಕಾಗ್ತಿತ್ತು. ಸಿಟ್ಟಲ್ಲಿ ಮಾತು ಆಡ್ಬಿಟ್ಟಿದ್ದೆ, ಹೇಗೆ ವಾಪಸ್ ತಗಳ್ಳದು ಅಂತ ಗೊತ್ತಾಗ್ಲಿಲ್ಲ ಮಾರಾಯ್ತಿ."