ಕೊಬ್ಬರಿ ಅಟ್ಟದ ಏಳನೇ ಪಾಠ

ಕಡೂರಿನಲ್ಲಿ ಬಸವರಾಜಪ್ಪನ ಮನೆ ಯಾವುದು ಎಂದು ಕೇಳಿದರೆ ಯಾವ ಬಸವರಾಜಪ್ಪ ಎಂದು ತಿರುಗಿ ಕೇಳುತ್ತಾರೆ. ಕಿವಿ ಬಸವರಾಜಪ್ಪ ಎನ್ನಬೇಕು. ಆಗ ಕೂತಲ್ಲಿಂದಲೇ ಕೈ ಮಾಡಿ ತೋರಿಸುತ್ತಾರೆ.

ಆ ಹೆಸರು ಬಂದದ್ದು ಕೊಬ್ಬರಿಯಿಂದ. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿದ ತೆಂಗಿನಕಾಯಿಯನ್ನು ಬಲಗಿವಿಯ ಪಕ್ಕ ಹಿಡಿದು ಮೂರು ಸಲ ಅಲ್ಲಾಡಿಸಿದರೆ ಸಾಕು, ಒಳಗೆ ಕೊಬ್ಬರಿ ಕರಟ ಬಿಟ್ಟು ಉಂಡೆಯಾಗಿದೆಯೋ, ಇನ್ನೂ ಚಮಚದಷ್ಟು ನೀರು ಉಳಿದಿದೆಯೋ ಎಂದು ಹೇಳಿಬಿಡುತ್ತಿದ್ದ. ನೀರುಳಿದ ನಾಲ್ಕು ಕಾಯಿ ಒಳಗೆ ಸೇರಿದರೆ ಇಡೀ ಮೂಟೆಗೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ವ್ಯಾಪಾರಿಗಳು ಯಗಟಿ, ಪಂಚನಹಳ್ಳಿ ಕಡೆ ಅಟ್ಟದ ಕಾಯಿ ಕೊಳ್ಳುವ ಮುಂಚೆ ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ಅವನು ಬಲಕ್ಕೆ ಎಸೆದದ್ದು ಒಣಕಾಯಿ, ಎಡಕ್ಕೆ ಎಸೆದದ್ದು ನೀರುಕಾಯಿ. ನಲವತ್ತು ವರ್ಷ ಯಾರೂ ಎದುರಾಡಿರಲಿಲ್ಲ. ಎದುರಾಡದೆ ಇದ್ದದ್ದೇ ತಪ್ಪಾಯಿತೇನೋ, ಮನುಷ್ಯ ಕೊಬ್ಬಿಬಿಟ್ಟಿದ್ದ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಲೋಟ ಇಟ್ಟ ಸದ್ದಿಗೇ ಕಾಫಿಗೆ ಎಷ್ಟು ನೀರು ಬೆರೆಸಿದ್ದಾರೆ ಎಂದು ತೀರ್ಪು ಕೊಡುತ್ತಿದ್ದ.

ಇಂಥ ಕಿವಿಯಿರುವ ಮನೆಗೆ, ಅವನ ಮಾತಿನಲ್ಲೇ ಹೇಳುವುದಾದರೆ, ಶನಿ ವಕ್ಕರಿಸಿದ್ದು ಮ್ಯಾಂಡೊಲಿನ್ ರೂಪದಲ್ಲಿ. ಹೆಂಡತಿ ವಿಶಾಲಾಕ್ಷಮ್ಮ ಐವತ್ತಾರನೇ ವಯಸ್ಸಿನಲ್ಲಿ ಕನ್ನಡಕ ಮಾಡಿಸಲು ತರೀಕೆರೆಗೆ ಹೋದವಳು ಕನ್ನಡಕದ ಜೊತೆ ಮ್ಯಾಂಡೊಲಿನ್ನನ್ನೂ ಅಪ್ಪಿಕೊಂಡು ಬಸ್ಸಿಳಿದಳು. ಕನ್ನಡಕದಂಗಡಿಯ ಪಕ್ಕದಲ್ಲೇ ನಜೀರ್ ಅಹಮದರ ಹಾರ್ಮೋನಿಯಂ ರಿಪೇರಿ ಅಂಗಡಿಯಿತ್ತು. ಮೂವತ್ತು ವರ್ಷ ಮದುವೆ ಆರ್ಕೆಸ್ಟ್ರಾಗಳಲ್ಲಿ ಮ್ಯಾಂಡೊಲಿನ್ ನುಡಿಸಿದ ಮನುಷ್ಯ. ಗಾಜು ಕೂರಿಸುವುದಕ್ಕೆ ಎರಡು ಗಂಟೆ ಕಾಯಬೇಕಾಗಿತ್ತು. ಕಾಯುತ್ತಾ ಅವರು ತಂತಿ ಬಿಗಿಯುವುದನ್ನು ನೋಡಿದಳು, ಒಂದು ಸಲ ಮೀಟಲೇ ಎಂದು ಕೇಳಿದಳು. ನಡೆದದ್ದು ಇಷ್ಟೇ.

“ಅರವತ್ತಕ್ಕೆ ಅರಳು ಮರಳು ಅಂತಾರೆ. ನಿಂಗೆ ನಾಕು ವರ್ಷ ಮುಂಚೇನೇ ಬಂದ್ಬಿಡ್ತಲ್ಲೇ” ಎಂದ ಬಸವರಾಜಪ್ಪ.

“ನಿಮಗೆ ಬಂದು ಮೂರು ವರ್ಷ ಆಯ್ತಲ್ಲ, ಜೊತೆಗೆ ಇರ್ಲಿ ಅಂತ ಕಣ್ರೀ” ಎಂದಳು ಅವಳು.

ಪ್ರತಿ ಮಂಗಳವಾರ ತರೀಕೆರೆಯಲ್ಲಿ ಪಾಠ. ಕಲಿತದ್ದನ್ನು ಮನೆಯಲ್ಲಿ ನುಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಭಾನುವಾರದೊಳಗೆ ಕಳಿಸಬೇಕು ಎಂಬುದು ನಜೀರ್ ಸಾಹೇಬರ ಕಟ್ಟಪ್ಪಣೆ. ಕೆಳಗೆ ರಸ್ತೆಯ ಟ್ರ್ಯಾಕ್ಟರು, ಒಳಗೆ ಟೀವಿ. ವಿಶಾಲಾಕ್ಷಮ್ಮ ಸೀರೆ ಎತ್ತಿ ಕಟ್ಟಿ ಏಣಿ ಹತ್ತಿ ಕೊಬ್ಬರಿ ಅಟ್ಟ ಸೇರಿಕೊಂಡಳು. ಸುತ್ತ ಎದೆಮಟ್ಟ ಸಿಪ್ಪೆಕಾಯಿಯ ರಾಶಿ ಇದ್ದುದರಿಂದ ಹೊರಗಿನ ಗದ್ದಲ ಅಲ್ಲಿಗೆ ಬರುತ್ತಿರಲಿಲ್ಲ. ಗೋಣಿಚೀಲ ಹಾಸಿ ಕೂತು, ಫೋನನ್ನು ಒಂದು ಕಾಯಿಗೆ ಒರಗಿಸಿ ನಿಲ್ಲಿಸುತ್ತಿದ್ದಳು.

ಮೊದಲ ರೆಕಾರ್ಡಿಂಗ್ ಇದ್ದದ್ದು ಎರಡೂವರೆ ನಿಮಿಷ. ಅದರಲ್ಲಿ ಮುಕ್ಕಾಲು ನಿಮಿಷ “ಆನ್ ಆಯ್ತಾ? ಕೆಂಪು ಬಂತಾ?” ಎಂಬ ವಿಚಾರಣೆ. ಆಮೇಲೆ ಒಂದು ಸೀನು. ಆಮೇಲೆ ತಾಲ್ಲೂಕು ಕಚೇರಿಗೆ ಅರ್ಜಿ ಕೊಡುವವಳಂತೆ “ನಾನು ವಿಶಾಲಾಕ್ಷಮ್ಮ, ಕಡೂರು, ಒಂದನೇ ಪಾಠ ಒಪ್ಪಿಸ್ತಾ ಇದೀನಿ ಸಾಬ್ರೇ” ಎಂಬ ಒಕ್ಕಣೆ. ಕೊನೆಗೆ ಎಂಟು ಸ್ವರ, ಕೋಳಿಯೊಂದು ಪಾತ್ರೆ ರಾಶಿಯ ಮೇಲೆ ನಡೆದುಹೋದ ಹಾಗೆ. ಎರಡನೆಯದರಲ್ಲಿ ಮೀಟುವ ಪ್ಲಾಸ್ಟಿಕ್ ಚೂರು ಮ್ಯಾಂಡೊಲಿನ್ನಿನ ಹೊಟ್ಟೆಯೊಳಗೆ ಬಿದ್ದುಹೋಯಿತು. ಅದನ್ನು ಈಚೆ ಬರಿಸಲು ವಾದ್ಯವನ್ನೇ ತಲೆಕೆಳಗೆ ಮಾಡಿ ಕಾಯಿ ಅಲ್ಲಾಡಿಸಿದ ಹಾಗೆ ಅಲ್ಲಾಡಿಸಿದ್ದೂ ಪೂರ್ತಿ ರೆಕಾರ್ಡ್ ಆಗಿತ್ತು. ಅದನ್ನೂ ಕಳಿಸಿದಳು! ಸಾಹೇಬರಿಗಷ್ಟೇ ಅಲ್ಲ, ಮನೆಮಂದಿಯ ವಾಟ್ಸಾಪ್ ಗುಂಪಿಗೂ. ಅಜ್ಜಂಪುರದಲ್ಲಿರುವ ಮಗಳು ಸೌಮ್ಯ ಸಾಲಾಗಿ ಚಪ್ಪಾಳೆಯ ಚಿತ್ರ ಹಾಕಿದಳು.

“ಕಾಗೆ ಕೂಗಿದ್ರೂ ಚಪ್ಪಾಳೆ ಹಾಕ್ತಾರೆ ಈಗಿನೋರು” ಎಂದು ಬಸವರಾಜಪ್ಪ ಹೋಟೆಲಿನಲ್ಲಿ ಕೂತು ರೇಗಿದ. ವಾರ ವಾರವೂ ಹೆಂಡತಿಯ ಪಾಠವನ್ನು ಅಲ್ಲಿ ಬಾಯಲ್ಲೇ ನುಡಿಸಿ ತೋರಿಸಿ, ಅಲ್ಲಿದ್ದವರನ್ನೆಲ್ಲ ನಗಿಸಿದ. ನಗಿಸುವುದರಲ್ಲಿ ಅವನಿಗೊಂದು ಸುಖವಿತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಅವನ ಪಾಲಿಗೆ ಆ ವರ್ಷ ಲೋಕವೇ ಕೆಟ್ಟುಹೋಗಿತ್ತು. ಮನೆಯ ಕುಕ್ಕರು ಸೀಟಿ ಹಾಕುವುದನ್ನೇ ಬಿಟ್ಟಿತ್ತು. ಎರಡು ಸಲ ಗ್ಯಾಸ್ಕೆಟ್ ಬದಲಾಯಿಸಿ, ಮೂರನೇ ಸಲ ಕಂಪನಿಯವರನ್ನೇ ಬೈದ. ಸೌಮ್ಯಳ ಮಗಳು, ಎಂಟು ವರ್ಷದ ಕೃತಿಕಾ, ಬಾಯಲ್ಲಿ ಕಡುಬು ಇಟ್ಟುಕೊಂಡವಳ ಹಾಗೆ ಮಾತಾಡುತ್ತಾಳೆ ಎಂದು ಬೈದ. ಫೋನುಗಳು ಸರಿಯಾಗಿ ರಿಂಗಾಗುವುದಿಲ್ಲ, ಡಬ್ಬಿಯಲ್ಲಿ ಸಿಕ್ಕಿಬಿದ್ದ ದುಂಬಿಗಳ ಹಾಗೆ ಒಳಗೊಳಗೇ ಗೊಣಗುತ್ತವೆ ಎಂದ. ಎಲ್ಲರಲ್ಲೂ ಐಬು. ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆ ಅವನಿಗೆ ಗೊತ್ತಿತ್ತು, ಬೇರೆಯವರಿಗೆ ಹೇಳುವುದಕ್ಕೆ.

ಇದರ ನಡುವೆ ಯಗಟಿಯಲ್ಲಿ ಒಂದು ಪೆಟ್ಟು ಬಿತ್ತು. ಕೆಂಪರಾಜು ಎಂಬ ರೈತನ ಅಟ್ಟದ ಕಾಯಿಯನ್ನು ಬಸವರಾಜಪ್ಪ ನೋಡಿ, ಮುಕ್ಕಾಲುಪಾಲು ಬಲಕ್ಕೆ ಎಸೆದು ಬಂದಿದ್ದ. ಒಡೆದಾಗ ಬಲಗುಪ್ಪೆಯಲ್ಲಿ ನೂರಾರು ಕಾಯಿಗಳಲ್ಲಿ ನೀರು. ಕಾಯಿ ಒಣಗಲು ಅಟ್ಟದ ಕೆಳಗೆ ಹಾಕಿದ ಹೊಗೆ ಸಾಲದು ಎಂದ, ಸುಲಿದವರು ಗುಪ್ಪೆ ಕಲಸಿಬಿಟ್ಟಿದ್ದಾರೆ ಎಂದ, ಕೆಂಪರಾಜು ಹಸಿಕಾಯಿ ತಂದು ಸೇರಿಸಿದ್ದಾನೆ ಎಂದೂ ಅಂದುಬಿಟ್ಟ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗೆ. ಕಾಯಿ ಕೊಂಡಿದ್ದ ವ್ಯಾಪಾರಿ ಸುರೇಶ್ ಮಾತ್ರ ಮೆತ್ತಗೆ ಹೇಳಿದ.

“ಒಂದ್ಸಲ ಎಲ್ರಿಗೂ ಆಯ್ತದೆ ಬಿಡಿ ಅಣ್ಣಾ. ಮಂಗಳವಾರ ಪಂಚನಹಳ್ಳಿ ಅಟ್ಟ ಐತೆ, ಅದನ್ನ ನೀವೇ ನೋಡಿ. ಅಲ್ಲೂ ಹಿಂಗೇ ಆದ್ರೆ ನಾನು ಬೇರೆ ಯಾರನ್ನಾದ್ರೂ ನೋಡ್ಕಬೇಕಾಯ್ತದೆ. ಬೇಜಾರು ಮಾಡ್ಕಬೇಡಿ.”

ಬೇಜಾರು ಎಂಬುದು ಅದಕ್ಕೆ ಸಣ್ಣ ಮಾತು. ಬಸವರಾಜಪ್ಪನಿಗೆ ಭಯವಾಯಿತು. ಕಿವಿ ಹೋದರೆ ಹೆಸರಿನಲ್ಲಿ ಉಳಿಯುವುದು ಬರೀ ಬಸವರಾಜಪ್ಪ. ಅಂಥವರು ಊರಲ್ಲಿ ಹದಿನೈದು ಜನ ಇದ್ದರು.

ಶನಿವಾರ ಬೆಳಿಗ್ಗೆ ಅವನು ತನ್ನ ಕಿವಿಯನ್ನು ತಾನೇ ಪರೀಕ್ಷೆ ಮಾಡಿಕೊಳ್ಳಲು ತನ್ನ ಅಟ್ಟಕ್ಕೇ ಹತ್ತಿದ. ಐವತ್ತು ಕಾಯಿ ಸುಲಿಸಿಟ್ಟುಕೊಂಡು ಒಂದೊಂದಾಗಿ ಅಲ್ಲಾಡಿಸತೊಡಗಿದ. ಅಷ್ಟರಲ್ಲಿ ವಿಶಾಲಾಕ್ಷಮ್ಮ ಮ್ಯಾಂಡೊಲಿನ್ ಹೆಗಲಿಗೇರಿಸಿ ಏಣಿ ಹತ್ತಿ ಬಂದಳು.

“ಐದು ನಿಮಿಷ ಕೆಳಗೆ ಹೋಗ್ರೀ. ಏಳನೇ ಪಾಠ ಕಳಿಸ್ಬೇಕು.”

“ನನ್ನ ಅಟ್ಟ, ನನ್ನ ಕಾಯಿ. ನೀನು ತಂತಿ ಕೆರೆಯೋದಕ್ಕೆ ನಾನ್ಯಾಕೆ ಕೆಲ್ಸ ನಿಲ್ಲಿಸ್ಲಿ? ಬೇಕಾದ್ರೆ ಬಾರಿಸು.”

ಅವಳು ಫೋನು ಒರಗಿಸಿ, ಕೂತು ಬಾರಿಸಿದಳು. ಅವನು ಬೇಕೆಂದೇ ಇನ್ನಷ್ಟು ಜೋರಾಗಿ ಅಲ್ಲಾಡಿಸಿದ. ನಲವತ್ತೇಳು ಕಾಯಿ ಬಲಕ್ಕೆ ಬಿದ್ದವು, ಮೂರು ಮಾತ್ರ ಎಡಕ್ಕೆ. ಅಟ್ಟ ಚೆನ್ನಾಗಿ ಒಣಗಿದೆ, ಕಿವಿಗೆ ಏನೂ ಆಗಿಲ್ಲ ಎಂದು ಮೀಸೆ ತಿರುವಿಕೊಂಡು ಇಳಿದ.

ಭಾನುವಾರ ಸೌಮ್ಯ, ಕೃತಿಕಾ ಇಬ್ಬರೂ ಅಜ್ಜಂಪುರದಿಂದ ಬಂದರು. ಊಟ ಮುಗಿಸಿ ನಡುಮನೆಯಲ್ಲಿ ಕೂತಾಗ ಸೌಮ್ಯ “ಅಮ್ಮಾ, ಏಳನೇದು ಹಾಕಮ್ಮಾ” ಎಂದಳು. ಸರಳೆ ವರಸೆ. ಕೆಳಗಿನ ಷಡ್ಜದಿಂದ ಹಿಡಿದು, ಸಣ್ಣ ತಂತಿಯ ತುತ್ತತುದಿಯವರೆಗೆ ಹತ್ತಿ ಇಳಿಯುವ ಪಾಠ. ವಿಶಾಲಾಕ್ಷಮ್ಮ ಮೊದಲ ಬಾರಿಗೆ ಒಂದೇ ಉಸಿರಿಗೆ ನುಡಿಸಿದ್ದಳು. ಸೀನು ಇರಲಿಲ್ಲ, ಅರ್ಜಿಯೂ ಇರಲಿಲ್ಲ.

ಮುಗಿಯಿತು. ಎಲ್ಲರೂ ಬಸವರಾಜಪ್ಪನ ಮುಖ ನೋಡಿದರು. ಅವನು ತಾಂಬೂಲ ಒಂದು ದವಡೆಗೆ ತಳ್ಳಿ ತೀರ್ಪು ಕೊಟ್ಟ.

“ಮೋಸ. ಮೊದಲಿನ ನಾಕು ಸ್ವರ ಏನೋ ಬಂತು. ಆಮೇಲೆ ತಂತೀನೇ ಮುಟ್ಟಿಲ್ಲ ಇವಳು. ಬೆರಳು ಎಟುಕ್ಲಿಲ್ಲ, ಅದಕ್ಕೆ ಬರೀ ಮರ ಕುಟ್ಟಿದಾಳೆ. ಟಕ್, ಟಕ್, ಟಕ್. ನನ್ನ ಕಿವೀಗೆ ಟೋಪಿ ಹಾಕೋಕಾಯ್ತದಾ?”

ಸೌಮ್ಯ ನಕ್ಕಳು, ಅಪ್ಪ ಎಂದಿನಂತೆ ತಮಾಷೆ ಮಾಡುತ್ತಿದ್ದಾನೆಂದು. ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದಳು.

“ಬರ್ತಾ ಇದೆಯಲ್ಲ ತಾತ. ಮೇಲಿಂದೇ ಜಾಸ್ತಿ ಚೆನ್ನಾಗಿ ಬರ್ತಾ ಇದೆ” ಎಂದಳು ಕೃತಿಕಾ.

“ಬಾಯಲ್ಲಿರೋದು ನುಂಗಿ ಮಾತಾಡೇ” ಎಂದ ತಾತ. ಕೃತಿಕಾಳ ಬಾಯಲ್ಲಿ ಏನೂ ಇರಲಿಲ್ಲ.

ವಿಶಾಲಾಕ್ಷಮ್ಮ ಎಲೆಯಡಿಕೆ ತಟ್ಟೆಯನ್ನು ಅವನ ಕಡೆ ಸರಿಸಿದಳು. ಅದು ಅವನನ್ನು ಇನ್ನಷ್ಟು ರೇಗಿಸಿತು. ಫೋನು ಕಿತ್ತುಕೊಂಡು, ರೆಕಾರ್ಡಿಂಗನ್ನು ಸಾಹೇಬರಿಗೆ ಕಳಿಸಿ, ಅದರ ಬೆನ್ನಿಗೇ ತನ್ನ ಧ್ವನಿಯನ್ನೂ ಕಳಿಸಿದ. “ಸಾಬ್ರೇ, ನಾನು ಕಿವಿ ಬಸವರಾಜಪ್ಪ. ನಿಮ್ ಶಿಷ್ಯೆ ಮೇಲಿನ ಸ್ವರನೆಲ್ಲ ನುಂಗ್ಬಿಟ್ಟವಳೆ. ಕೋಣನ ಮುಂದೆ ಕಿನ್ನರಿ ಬಾರಿಸ್ತೀನಿ ಅಂದ್ಕಂಡವಳೆ. ನಾನು ಕೋಣ ಅಲ್ಲ. ಸರಿಯಾಗಿ ಕೇಳಿ, ಇದ್ದದ್ದು ಇದ್ದ ಹಾಗೆ ಹೇಳಿ.”

ಹತ್ತು ನಿಮಿಷಕ್ಕೆ ಉತ್ತರ ಬಂತು. ಬಸವರಾಜಪ್ಪ ತಾನೇ ಒತ್ತಿ, ಎಲ್ಲರಿಗೂ ಕೇಳಲಿ ಎಂದು ಜೋರು ಮಾಡಿ ಫೋನನ್ನು ಚಾಪೆಯ ಮಧ್ಯೆ ಇಟ್ಟ. ನಜೀರ್ ಸಾಹೇಬರದು ದಪ್ಪ ದನಿ, ಅದು ಅವನಿಗೆ ಚೆನ್ನಾಗಿ ಕೇಳಿಸಿತು.

“ಯಜಮಾನ್ರೇ, ಸಲಾಂ. ಎರಡು ಸಲ ಕೇಳ್ದೆ. ಕೆಳಗಿಂದು ಗಾಂಧಾರ ಒಂಚೂರು ಜಾರೈತೆ, ಅದು ಸರಿ ಮಾಡೋಣ. ಮೇಲಿನ ಸ್ವರ ಅಮ್ಮೋರು ಒಂದೂ ಬಿಟ್ಟಿಲ್ಲ, ಗಂಟೆ ಹೊಡ್ದಂಗೆ ನಿಂತೈತೆ. ನಂಗೆ ತೊಂದ್ರೆ ಆಗಿದ್ದು ಒಂದೇ. ಹಿಂದೆ ಯಾರೋ ನೀರಿರೋ ತೆಂಗಿನಕಾಯಿ ಅಲ್ಲಾಡಿಸ್ತಾ ಅವ್ರೆ. ಜುಳುಜುಳು ಅಂತ ಉದ್ದಕ್ಕೂ ಕೇಳ್ತದೆ. ಅವ್ರನ್ನ ಮುಂದಿನ್ಸಲ ಕೆಳಗೆ ಕಳಿಸ್ಬಿಡಿ.”

ಬಸವರಾಜಪ್ಪ ಎದ್ದ. ಗೂಡಿನಲ್ಲಿದ್ದ ಮಚ್ಚು ತೆಗೆದುಕೊಂಡು ಏಣಿ ಹತ್ತಿದ. ತಾನೇ ಎಸೆದಿದ್ದ ಬಲಗುಪ್ಪೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೊದಲ ಕಾಯಿ ಒಡೆದ. ಒಣಗಿತ್ತು. “ಸಾಬಂಗೆ ಏನ್ ಗೊತ್ತು ಕೊಬ್ಬರಿ” ಎಂದುಕೊಂಡ. ಎರಡನೆಯದೂ ಒಣಗಿತ್ತು. ಮೂರನೆಯದು ಒಡೆದಾಗ ಅಂಗೈಗೆ ತಣ್ಣಗೆ ತಾಗಿತು. ಹತ್ತು ಕಾಯಿ ಒಡೆಯುವ ಹೊತ್ತಿಗೆ ನಾಲ್ಕರಲ್ಲಿ ನೀರು ಬಂದು ಪಂಚೆಯ ಮುಂಭಾಗ ಒದ್ದೆಯಾಗಿತ್ತು.

ಹನ್ನೊಂದನೆಯದನ್ನು ಒಡೆಯಲಿಲ್ಲ. ಬಲಗಿವಿಗೆ ಹಿಡಿದು ಅಲ್ಲಾಡಿಸಿದ. ಕೊಬ್ಬರಿ ಗಡಗಡ ಎಂದು ಉರುಳುವುದಷ್ಟೇ ಕೇಳಿಸಿತು. ಎಡಗಿವಿಗೆ ಹಿಡಿದ. ಅಲ್ಲಿಯೂ ಅಷ್ಟೇ. ಅಷ್ಟರಲ್ಲಿ ವಿಶಾಲಾಕ್ಷಮ್ಮ ಏಣಿಯ ತುದಿಯಲ್ಲಿ ಕಾಣಿಸಿಕೊಂಡಳು.

“ಅದರಲ್ಲೂ ನೀರೈತೆ” ಎಂದಳು.

“ಅಲ್ಲಿಗೇ ಕೇಳ್ತದಾ?”

“ಕೇಳ್ತದೆ.”

“ನಿನ್ನೆ ನಾನು ಎಸೀತಿದ್ದಾಗಲೂ ಕೇಳ್ತಿತ್ತಾ?”

“ಹೂಂ.”

“ಮತ್ತೆ ಯಾಕೇ ಹೇಳ್ಲಿಲ್ಲ?”

“ಕುಕ್ಕರ್ ಕೂಗ್ತೈತೆ ಅಂತ ಆರು ತಿಂಗಳಿಂದ ಹೇಳ್ತಾನೇ ಇದೀನಿ. ನೀವು ಗ್ಯಾಸ್ಕೆಟ್ ತಂದ್ಕೊಟ್ರಿ. ಇನ್ನು ಕಾಯಿ ವಿಷ್ಯ ನಾನು ಹೇಳಿದ್ರೆ ಕೇಳೋರಾ?” ಎಂದಳು ವಿಶಾಲಾಕ್ಷಮ್ಮ. ಅವಳ ದನಿಯಲ್ಲಿ ಕರುಣೆಯೇನೂ ಇರಲಿಲ್ಲ. ಹೋಟೆಲಿನಲ್ಲಿ ಅವನು ನಗಿಸಿದ್ದೆಲ್ಲ ವಾರ ವಾರವೂ ಅವಳ ಕಿವಿಗೆ ಬಿದ್ದಿತ್ತು. ಆ ಕಿವಿ ಚೆನ್ನಾಗಿತ್ತಲ್ಲ.

ಬಸವರಾಜಪ್ಪ ಕಾಯಿಯನ್ನು ಎಡಕ್ಕೆ ಇಟ್ಟ. ಇನ್ನೊಂದು ಎತ್ತಿ ಅಲ್ಲಾಡಿಸಿ ಹೆಂಡತಿಯ ಮುಖ ನೋಡಿದ. ಅವಳು ಬಲಕ್ಕೆ ಎಂದು ಗದ್ದ ತಿರುಗಿಸಿದಳು. ಇನ್ನೊಂದಕ್ಕೆ ಎಡಕ್ಕೆ. ಹೀಗೆ ಐದಾರು ಕಾಯಿ ನಡೆಯಿತು. ಅನುಮಾನದಿಂದ ಅವನು ಪ್ರತಿಯೊಂದನ್ನೂ ಒಡೆದು ನೋಡಿದ. ಒಂದೂ ತಪ್ಪಿರಲಿಲ್ಲ.

“ಮಂಗಳವಾರ ನನ್ಜೊತೆ ಪಂಚನಹಳ್ಳಿಗೆ ಬತ್ತೀಯಾ?” ಎಂದು ಕೇಳಿದ. ನಲವತ್ತು ವರ್ಷದಲ್ಲಿ ಅವಳನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲೇನೋ.

“ಮಂಗಳವಾರ ನಂಗೆ ಪಾಠ ಐತೆ.”

“ಒಂದು ವಾರ ಬಿಟ್ರೆ ಏನಾಯ್ತದೆ?”

“ಗಾಂಧಾರ ಜಾರೈತಂತೆ. ನಿಮ್ಮೆದುರ್ಗೇ ಹೇಳಿದ್ರಲ್ಲ. ಬುಧವಾರ ಬತ್ತೀನಿ.”

ಅಷ್ಟು ಹೇಳಿ ಅವಳು ಇಳಿದುಹೋದಳು. ಬಸವರಾಜಪ್ಪ ಒದ್ದೆ ಪಂಚೆಯಲ್ಲಿ ಕೂತಲ್ಲೇ ಜೇಬಿನಿಂದ ಫೋನು ತೆಗೆದು ಸುರೇಶನಿಗೆ ಹಚ್ಚಿದ. ಪಂಚನಹಳ್ಳಿ ಬುಧವಾರಕ್ಕೆ ಇಟ್ಟುಕೋ ಎಂದ.

“ಯಾಕಣ್ಣಾ? ನೀವು ಯಾವತ್ತೂ ದಿನ ಬದಲಾಯಿಸ್ದೋರಲ್ಲ” ಎಂದ ಸುರೇಶ್.

ಬೆನ್ನು ನೋವು ಎನ್ನಬಹುದಾಗಿತ್ತು, ಮಠದಲ್ಲಿ ಕೆಲಸವಿದೆ ಎನ್ನಬಹುದಾಗಿತ್ತು. ಎರಡೂ ನಾಲಿಗೆಯ ತುದಿಗೆ ಬಂದವು. ಕೆಳಗೆ ಕುಕ್ಕರು ಕೂಗುತ್ತಿತ್ತೇನೋ, ಇಲ್ಲವೇನೋ, ಅವನಿಗೆ ತಿಳಿಯುವಂತಿರಲಿಲ್ಲ.

“ನಂಗೆ ನೀರು ಕೇಳ್ತಿಲ್ಲ ಕಣಪ್ಪಾ” ಎಂದ ಕಿವಿ ಬಸವರಾಜಪ್ಪ. “ಯಗಟೀಲೂ ಕೇಳ್ಲಿಲ್ಲ. ಕೆಂಪರಾಜಂದು ಏನೂ ತಪ್ಪಿಲ್ಲ. ಬುಧವಾರ ಕೇಳೋರನ್ನ ಕರ್ಕಂಡ್ ಬತ್ತೀನಿ.”